ಕೊಪ್ಪಳದ ಕೋಟೆಗೆ ತಡವಾಗಿ ಹೋದದ್ದು

ಸಿಂಗಟಾಲೂರಿನ ವೀರಭದ್ರ ದೇವರ ಗುಡ್ಡದ ಮೇಲೆ ನಿಂತರೆ ಕೆಳಗೆ ತುಂಗಭದ್ರೆ ಕಾಣುತ್ತಾಳೆ. ಆಚೆ ದಂಡೆ ಹೂವಿನಹಡಗಲಿ ಸೀಮೆ, ಈಚೆ ದಂಡೆ ನಮ್ಮ ಮುಂಡರಗಿ ಸೀಮೆ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಬೇಸಿಗೆಯ ಹೊಳೆಯನ್ನು ನೋಡಿ, "ಇಷ್ಟೇನಾ ಹೊಳೆ?" ಎಂದು ಕೇಳಿದ್ದೆ. ನಮ್ಮ ಅತ್ತೆಯವರು ನಕ್ಕು, "ತಡಿಯವ್ವಾ, ಮಿರಗ ಕೂಡ್ಲಿ, ಆಮ್ಯಾಲೆ ಹೇಳಾಕಂತಿ" ಎಂದಿದ್ದರು. ಮೃಗಶಿರ ಮಳೆ ಹಿಡಿದ ಮೇಲೆ ಅದೇ ಹೊಳೆಯ ಅಬ್ಬರ ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ಈಗ ಹಮ್ಮಿಗಿಯ ಹತ್ತಿರ ಬ್ಯಾರೇಜು ಆಗಿ ನೀರು ನಿಲ್ಲುತ್ತದೆ. ಆಗ ಹಾಗಿರಲಿಲ್ಲ. ಅತ್ತೆಯವರ ಆ ಮಾತು ಒಂದು ದಿನ ಇತಿಹಾಸದ ಒಂದು ಗಂಟನ್ನು ಬಿಡಿಸಲು ನನಗೆ ಉಪಯೋಗವಾದೀತು ಎಂದು ಆಗ ಅನಿಸಿರಲಿಲ್ಲ.

ನಾನು ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. 1857ರ ದಂಗೆಯ ಪಾಠ ನಡೆದಿತ್ತು. ಮೀರತ್, ದಿಲ್ಲಿ, ಕಾನಪುರ, ಝಾನ್ಸಿ ಎಲ್ಲ ಮುಗಿಸಿ ಕೊನೆಗೆ ನಾನೇ ಬರೆಯಿಸುತ್ತಿದ್ದ ಟಿಪ್ಪಣಿಯಲ್ಲಿ ಒಂದು ವಾಕ್ಯ ಇತ್ತು: ದಂಗೆ ದಕ್ಷಿಣಕ್ಕೆ ಹಬ್ಬಲಿಲ್ಲ, ಆದ್ದರಿಂದ ಸೋತಿತು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಹಮ್ಮಿಗಿ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು.

"ಟೀಚರ್, ನಮ್ಮೂರಾಗ ಆಗೇತಂತಲ್ರಿ? ನಮ್ಮಜ್ಜಿ ಹೇಳ್ತಾಳ್ರಿ."

"ಅದು ಪರೀಕ್ಷೆಗೆ ಬರೂದಿಲ್ಲ, ಕೂತ್ಕೋ" ಎಂದೆ.

ಹುಡುಗಿ ಕೂತಳು. ಆದರೆ ಪರೀಕ್ಷೆಯಲ್ಲಿ, ದಂಗೆ ಸೋಲಲು ಕಾರಣಗಳೇನು ಎಂಬ ಪ್ರಶ್ನೆಗೆ ಉತ್ತರ ಬರೆದು ಕೊನೆಗೆ ಮೂರು ಸಾಲು ಸೇರಿಸಿದ್ದಳು. ದಂಗೆ ನಮ್ಮ ಕಡೆಯೂ ಆಗಿತ್ತು, ಹಮ್ಮಿಗಿಯ ಕೆಂಚನಗೌಡ ಮತ್ತು ಮುಂಡರಗಿಯ ಭೀಮರಾವ್ ಕೊಪ್ಪಳದ ಕೋಟೆಯಲ್ಲಿ ಸತ್ತರು ಎಂದು. ನಾನು ಆ ಮೂರು ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಅಂಚಿನಲ್ಲಿ "ಅನಾವಶ್ಯಕ" ಎಂದು ಬರೆದೆ. ಒಂದು ಅಂಕ ಕಳೆದೆ.

ಹುಡುಗಿ ಪೇಪರು ನೋಡಿ ಏನೂ ಅನ್ನಲಿಲ್ಲ. ನಾನೂ ಮರೆತೆ. ಹಲವು ವರ್ಷಗಳ ಮೇಲೆ ಗದುಗಿನ ಒಂದು ಗ್ರಂಥಾಲಯದಲ್ಲಿ ಧಾರವಾಡ ಜಿಲ್ಲೆಯ ಹಳೆಯ ಗ್ಯಾಝೆಟಿಯರ್ ಕೈಗೆ ಸಿಕ್ಕಿತು. 1884ರಲ್ಲಿ ಮುಂಬಯಿ ಸರಕಾರ ಅಚ್ಚು ಹಾಕಿಸಿದ್ದು. ಬೇರೇನನ್ನೋ ಹುಡುಕಲು ಹೋದವಳು ಹಮ್ಮಿಗಿಯ ಹೆಸರು ಕಂಡು ನಿಂತೆ. ಓದುತ್ತ ಓದುತ್ತ ಕಿವಿ ಬಿಸಿಯಾಯಿತು. ಆ ಹುಡುಗಿಯ ಅಜ್ಜಿ ಹೇಳಿದ್ದು ಬ್ರಿಟಿಷರ ಪುಸ್ತಕದಲ್ಲೇ ಇತ್ತು. ಇಲ್ಲದ್ದು ನನ್ನ ಟಿಪ್ಪಣಿಯಲ್ಲಿ ಮಾತ್ರ.

ನಡೆದದ್ದು ಹೀಗೆ. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದ ಮೇಲೆ ಕಂಪನಿ ಸರಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಸಿದುಕೊಳ್ಳುವ ಕಾಯದೆ ತಂದಿತು. ಅದೇ ವರ್ಷದ ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಕೊಡೆವೆಂದು ನಿಂತು ಸುಟ್ಟುಹೋದರು. ಅವರ ಮೇಲೆ ಜನ ಲಾವಣಿ ಕಟ್ಟಿದರು. ಅದನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ಪ್ರಕಟಿಸಿದ್ದರಿಂದ ಹಲಗಲಿ ನಮ್ಮ ನಾಲಗೆಯ ಮೇಲೆ ಉಳಿಯಿತು. ಇತ್ತ ಧಾರವಾಡ ಸೀಮೆಯಲ್ಲಿ ದೇಸಾಯಿಗಳ, ನಾಡಿಗರ ಮನೆಗಳಲ್ಲಿ ಒಳಗೊಳಗೇ ಕುದಿತ ಇತ್ತು. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರಿಗೆ ಗಂಡುಮಕ್ಕಳು ಉಳಿದಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಸರಕಾರ ಒಪ್ಪಲಿಲ್ಲ. ಮಗನಿಲ್ಲದ ಮನೆಯನ್ನು ಸರಕಾರ ನುಂಗುವ ಕಾಲ ಅದು.

ಮುಂಡರಗಿಯ ಭೀಮರಾವ್ ನಾಡಿಗೇರ ಬಳ್ಳಾರಿ ಜಿಲ್ಲೆಯಲ್ಲಿ ಕಂಪನಿಯ ಕೈಕೆಳಗೇ ತಹಸೀಲ್ದಾರನಾಗಿದ್ದು ಕೆಲಸ ಕಳೆದುಕೊಂಡವನು. ಸರಕಾರದ ಕಾಗದಪತ್ರ, ಖಜಾನೆ, ಪಹರೆ ಎಲ್ಲದರ ಒಳಹೊರಗು ಬಲ್ಲವನು. ಅವನು ನರಗುಂದದವರ ಜೊತೆಗೂ ಹಮ್ಮಿಗಿಯ ಕೆಂಚನಗೌಡನ ಜೊತೆಗೂ ಸಂಧಾನ ನಡೆಸಿದ. ಹಮ್ಮಿಗಿಯಲ್ಲಿ ಆಯುಧಗಳನ್ನು ಕೂಡಿಟ್ಟರು. 1858ರ ಮೇ ತಿಂಗಳ ಕೊನೆಗೆ ಈ ಸುದ್ದಿ ಸರಕಾರದವರಿಗೆ ತಿಳಿದು, ಅವರು ಬಂದು ಆಯುಧಗಳನ್ನು ಹಿಡಿದು ಪಹರೆ ಹಾಕಿದರು. ಭೀಮರಾವ್ ಪಹರೆಯ ಮೇಲೆ ಬಿದ್ದು ಆಯುಧ ಬಿಡಿಸಿಕೊಂಡ. ಡಂಬಳದ ಖಜಾನೆ ಲೂಟಿ ಮಾಡಿದ. ಅಲ್ಲಿಂದ ಮೂಡಣಕ್ಕೆ ಹೋಗಿ ಕೊಪ್ಪಳದ ಕೋಟೆ ಹಿಡಿದು ಕೂತ. ಮೇ 29ರ ರಾತ್ರಿ ಬಾಬಾಸಾಹೇಬರ ಜನ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯನ್ನು ಕೊಂದರು. ಜೂನ್ 1ರಂದು ಮೇಜರ್ ಹ್ಯೂಸ್ ಎಂಬವನ ಸೈನ್ಯ ಕೊಪ್ಪಳದ ಕೋಟೆಗೆ ನುಗ್ಗಿತು. ಭೀಮರಾವ್ ಮತ್ತು ಕೆಂಚನಗೌಡ ಅಲ್ಲೇ ಸತ್ತರು. ಸೆರೆ ಸಿಕ್ಕವರಲ್ಲಿ ಅನೇಕರಿಗೆ ಮರಣದಂಡನೆಯಾಯಿತು. ನರಗುಂದವೂ ಅದೇ ದಿನಗಳಲ್ಲಿ ಬಿತ್ತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಪುಸ್ತಕ ಮುಚ್ಚಿಟ್ಟು ಬಂದೆ. ಕೊಪ್ಪಳಕ್ಕೆ ಒಮ್ಮೆ ಹೋಗಿ ಆ ಕೋಟೆ ಹತ್ತಬೇಕು ಅಂದುಕೊಂಡೆ. ಅಂದುಕೊಂಡದ್ದು ಆಗಲು ಮತ್ತೆ ಕೆಲವು ವರ್ಷ ಬೇಕಾಯಿತು. ಮುಂಡರಗಿಯಿಂದ ಆಲವಂಡಿಯ ಮೇಲೆ ಬಸ್ಸಿನಲ್ಲಿ ತಾಸು, ತಾಸೂಕಾಲಿನ ಹಾದಿ. ಆದರೆ ನಮ್ಮಂಥವರಿಗೆ ಹತ್ತಿರದ ಊರೇ ದೂರ. ಮದುವೆ, ಮುಂಜಿವೆ, ದವಾಖಾನೆ ಎಂದಾದರೆ ಯಾವ ಊರಿಗೂ ಹೋಗುತ್ತೇವೆ. ಕೋಟೆ ನೋಡಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಲು ನಾಚಿಕೆ. ಕೊನೆಗೆ ಕಾರಣ ತಾನಾಗಿ ಕೂಡಿ ಬಂತು. ಸಂಬಂಧಿಕರ ಮನೆಯ ಒಂದು ಮದುವೆಯಲ್ಲಿ ಆ ಹುಡುಗಿಯೇ ಸಿಕ್ಕಳು. ಈಗ ನಲವತ್ತರ ಹತ್ತಿರದ ಹೆಣ್ಣುಮಗಳು. ಕೊಟ್ಟದ್ದು ಕೊಪ್ಪಳಕ್ಕೆ. "ಟೀಚರ್, ನಮ್ಮ ಮನಿ ಮಾಳಿಗಿ ಮ್ಯಾಲಿಂದ ಕ್ವಾಟಿ ಕಾಣತೈತ್ರಿ, ಒಮ್ಮೆ ಬರ್ರಿ" ಎಂದಳು. ಅವಳು ಬೇರೇನೂ ಯೋಚಿಸದೆ ಕರೆದಿರಬೇಕು. ನನಗೆ ಮಾತ್ರ ಕೆಂಪು ಶಾಯಿ ನೆನಪಾಯಿತು.

ಒಂದು ಜನವರಿಯಲ್ಲಿ, ಜಾತ್ರೆ ಮುಗಿದ ಮೇಲೆ ಹೋದೆ. ಕೊಪ್ಪಳ ಅಂದರೆ ನಮ್ಮ ಭಾಗದ ಹೆಂಗಸರಿಗೆ ಮೊದಲು ನೆನಪಾಗುವುದು ಗವಿಸಿದ್ಧೇಶ್ವರನ ಜಾತ್ರೆ, ಅದರ ದಾಸೋಹ. ಊರೂರಿನ ಹೆಣ್ಣುಮಕ್ಕಳು ವಾರಗಟ್ಟಲೆ ರೊಟ್ಟಿ ತಟ್ಟಿ ಕಟಗುರೊಟ್ಟಿ ಮಾಡಿ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಕಳಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿ. ಯಾರ ರೊಟ್ಟಿಯ ಮೇಲೂ ಯಾರ ಹೆಸರೂ ಇರುವುದಿಲ್ಲ.

ಆಕೆ ಮೊದಲು ಗವಿಮಠದ ಗುಡ್ಡಕ್ಕೇ ಕರೆದುಕೊಂಡು ಹೋದಳು. ಅಲ್ಲಿ ಬಂಡೆಯ ಚಾಚಿನ ಕೆಳಗೆ ಅಶೋಕನ ಶಾಸನವಿದೆ. ಇನ್ನೊಂದು ಪಾಲ್ಕಿಗುಂಡಿನಲ್ಲಿ, ಗುಂಡಿನ ಮೇಲೆ ಗುಂಡು ಪಲ್ಲಕ್ಕಿಯ ಹಾಗೆ ಕೂತ ಕಡೆ ಇದೆ. ಇವೆರಡೂ ಜಗತ್ತಿಗೆ ತಿಳಿದದ್ದು 1931ರಲ್ಲಿ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಬ್ರಾಹ್ಮೀ ಅಕ್ಷರ, ಪ್ರಾಕೃತ ಭಾಷೆ. ಅದರಲ್ಲಿ ಚಕ್ರವರ್ತಿ ಹೇಳುವುದು ತನ್ನ ದಿಗ್ವಿಜಯವನ್ನಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆದರೂ ಮೊದಲು ಸಾಕಷ್ಟು ಶ್ರಮಪಡಲಿಲ್ಲ ಎಂದು ಒಪ್ಪಿಕೊಂಡು, ಶ್ರಮಪಟ್ಟರೆ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸ್ವರ್ಗ ಸಿಕ್ಕೀತು ಎಂಬ ಅರ್ಥದ ಮಾತು ಬರೆಯಿಸಿದ್ದಾನೆ. ತನ್ನ ತಪ್ಪನ್ನು ಬಂಡೆಯ ಮೇಲೆ ಕೆತ್ತಿಸಿದ ಆ ದೊರೆಯ ಮುಂದೆ, ಒಂದು ಅಂಕದ ತಪ್ಪನ್ನು ಬಾಯಲ್ಲಿ ಹೇಳಲಾರದ ನಾನು ಸುಮ್ಮನೆ ನಿಂತೆ.

ಕೊಪ್ಪಳದ ಹಳೆಯ ಹೆಸರು ಕೊಪಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡಿನ ಎಲ್ಲೆ ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣನಗರವನ್ನೂ ಹೆಸರಿಸುತ್ತದೆ. ಪುಲಿಗೆರೆಯೆಂದರೆ ನಮ್ಮ ಲಕ್ಷ್ಮೇಶ್ವರ. ನಮ್ಮ ಮುಂಡರಗಿ ಸೀಮೆ ಇರುವುದು ಲಕ್ಷ್ಮೇಶ್ವರಕ್ಕೂ ಕೊಪ್ಪಳಕ್ಕೂ ನಡುವೆ. ಕೊಪಣ ಜೈನರಿಗೆ ಮಹಾತೀರ್ಥವಾಗಿತ್ತು. ಮುನಿಗಳು ಈ ಗುಡ್ಡಗಳಿಗೆ ಬಂದು ಸನ್ಯಸನ ಹಿಡಿದು ದೇಹ ಬಿಡುತ್ತಿದ್ದರು. ರನ್ನ 993ರಲ್ಲಿ ಅಜಿತಪುರಾಣ ಬರೆದಾಗ, ತನ್ನನ್ನು ಪೋಷಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಡತೆಯ ಪಾವಿತ್ರ್ಯಕ್ಕೆ ಹೋಲಿಕೆ ತಂದ ವಸ್ತುಗಳಲ್ಲಿ ಈ ಕೊಪಣದ ಬೆಟ್ಟವೂ ಒಂದು. ಅತ್ತಿಮಬ್ಬೆ ನಮ್ಮ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಒಂದು ಪುಸ್ತಕ ಸಾಯಬಾರದೆಂದು ಸಾವಿರ ಓಲೆಗಟ್ಟು ಮಾಡಿಸಿದ ಆ ತಾಯಿ ಎಲ್ಲಿ, ಮೂರು ಸಾಲನ್ನು ಅಳಿಸಿದ ನಾನೆಲ್ಲಿ ಎನ್ನಿಸಿತು.

ಮಧ್ಯಾಹ್ನ ಊಟ ಮುಗಿಸಿ, ಬಿಸಿಲು ಸ್ವಲ್ಪ ಇಳಿದ ಮೇಲೆ ಕೋಟೆಗೆ ಹೊರಟೆವು. ದೂರದಿಂದ ನೋಡಿದರೆ ಕಲ್ಲುಗುಂಡುಗಳ ಒಂದು ರಾಶಿ. ಹತ್ತಿರ ಹೋದಂತೆ ಗುಂಡಿನ ನಡುವೆ ಗೋಡೆ, ಗೋಡೆಯ ತಿರುವಿನಲ್ಲಿ ಬಾಗಿಲು, ಬಾಗಿಲು ದಾಟಿದರೆ ಮತ್ತೆ ಗೋಡೆ. ಕೋಟೆಗೆ ಎರಡು ಭಾಗ, ಕೆಳಗೋಟೆ ಮತ್ತು ಮೇಲ್ಗೋಟೆ. ಒಬ್ಬ ಪಾಳೆಯಗಾರನ ಕೈಯಲ್ಲಿದ್ದ ಇದನ್ನು ಟಿಪ್ಪು ಸುಲ್ತಾನ 1786ರಲ್ಲಿ ತೆಗೆದುಕೊಂಡು ಫ್ರೆಂಚ್ ಎಂಜಿನಿಯರುಗಳಿಂದ ಭದ್ರ ಮಾಡಿಸಿದ. 1790ರಲ್ಲಿ ನಿಜಾಮನ ಸೈನ್ಯವೂ ಇಂಗ್ಲಿಷರ ಸೈನ್ಯವೂ ಕೂಡಿ ಮುತ್ತಿಗೆ ಹಾಕಿದಾಗ ಸುಮಾರು ಆರು ತಿಂಗಳು ಕೋಟೆ ಬಗ್ಗಲಿಲ್ಲ. ಆ ಸೈನ್ಯದಲ್ಲಿದ್ದ ಜಾನ್ ಮಾಲ್ಕಮ್, ಮುಂದೆ ಮುಂಬಯಿಯ ಗವರ್ನರ್ ಆದವನು, ಹಿಂದುಸ್ತಾನದಲ್ಲಿ ತಾನು ಕಂಡ ಕೋಟೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದಿಲ್ಲ ಎಂಬ ಅಭಿಪ್ರಾಯಪಟ್ಟಿದ್ದಾನೆ. ಆಮೇಲೆ 1819ರಲ್ಲಿ ವೀರಪ್ಪ ಎಂಬ ಜಮೀನ್ದಾರ ಇದೇ ಕೋಟೆ ಹಿಡಿದು ಕಂಪನಿಗೆ ತಿರುಗಿ ಬಿದ್ದ. ಭೀಮರಾವ್‌ನದು ಹೊಸ ದಾರಿಯೇನಲ್ಲ. ಅವನು ಹತ್ತಿದ್ದು ಹಿರಿಯರು ಹತ್ತಿದ ಮೆಟ್ಟಿಲನ್ನೇ.

ಮೊಣಕಾಲು ಹಿಡಿದು ಹಿಡಿದು ನಾನು ಹತ್ತುತ್ತಿದ್ದೆ. ಆಕೆ ಒಂದು ಕೈ ನನಗೆ ಕೊಟ್ಟು, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದಿದ್ದಳು. ನಡುನಡುವೆ ಬಂಡೆಗಳ ಕೊರಕಲಿನಲ್ಲಿ ನೀರಿನ ಹೊಂಡಗಳು. ಒಂದರ ದಂಡೆಯ ಮೇಲೆ ಕೂತು ಸುಧಾರಿಸಿಕೊಂಡೆ. ಆಗ ಒಂದು ಪ್ರಶ್ನೆ ಹುಟ್ಟಿತು. ಆರು ತಿಂಗಳು ತಡೆದು ನಿಂತ ಈ ಕೋಟೆ 1858ರಲ್ಲಿ ಕೆಲವೇ ದಿನಗಳಲ್ಲಿ ಯಾಕೆ ಬಿತ್ತು? ಕಲ್ಲು ಅದೇ, ಗೋಡೆ ಅದೇ.

ಮನೆ ನಡೆಸುವ ಹೆಂಗಸರಿಗೆ ಇದರ ಉತ್ತರ ಬೇಗ ಹೊಳೆದೀತು. ಕೋಟೆಯನ್ನು ಕಾಯುವುದು ಕಲ್ಲಲ್ಲ, ಕಣಜ. ಮೊದಲ ಸಲ ಒಳಗಿದ್ದದ್ದು ವರ್ಷಗಟ್ಟಲೆ ತಯಾರಿ ಮಾಡಿಕೊಂಡ ದೊಡ್ಡ ರಾಜ್ಯದ ದಂಡು. ಎರಡನೆಯ ಸಲ ಇದ್ದವರು ಆಯುಧ ಹಿಡಿದುಕೊಂಡು ಓಡಿ ಬಂದ ಕೆಲವು ನೂರು ಜನ. ಬಿತ್ತುವ ಹಂಗಾಮು ಮುಂದಿದ್ದ ರೈತರು, ಊರು ಬಿಟ್ಟು ಬಂದು ವಾರವೂ ಆಗದವರು. ಕಾಳು ಕಡಿ ಕೂಡಿಡಲು, ಬಾಗಿಲು ಭದ್ರಪಡಿಸಲು ಅವರಿಗೆ ಸಮಯವೆಲ್ಲಿತ್ತು?

ಇನ್ನೊಂದು ಕಾರಣ ನನಗೆ ಹೊಳೆದದ್ದು ನಮ್ಮ ಹೊಳೆಯಿಂದ. ಕಂಪನಿಯ ದಂಡು ಇದ್ದದ್ದು ಬಳ್ಳಾರಿಯಲ್ಲಿ. ಬಳ್ಳಾರಿಯಿಂದ ಕೊಪ್ಪಳಕ್ಕೆ ಬರಬೇಕಾದರೆ ತುಂಗಭದ್ರೆ ದಾಟಬೇಕು. ಆಗ ಅಣೆಕಟ್ಟು ಇಲ್ಲ, ಬ್ಯಾರೇಜು ಇಲ್ಲ. ಮೇ ಕೊನೆಗೆ ಹೊಳೆ ಹೇಗಿರುತ್ತಿತ್ತು ಎಂಬುದನ್ನು ನಾನು ಬಂದ ಹೊಸದರಲ್ಲಿ ಕಣ್ಣಾರೆ ಕಂಡಿದ್ದೇನೆ. ಎಮ್ಮೆಗಳು ಹೊಟ್ಟೆ ತೋಯದೆ ದಾಟುತ್ತಿದ್ದವು. "ಮಿರಗ ಕೂಡ್ಲಿ" ಎಂದಿದ್ದರಲ್ಲ ಅತ್ತೆಯವರು? ಇನ್ನೊಂದು ತಿಂಗಳು, ಒಂದೂವರೆ ತಿಂಗಳು ಕಾದಿದ್ದರೆ ತುಂಬಿದ ತುಂಗಭದ್ರೆ ಒಂದು ಕಡೆ, ತುಂಬಿದ ಮಲಪ್ರಭೆ ಇನ್ನೊಂದು ಕಡೆ ಇವರಿಗೆ ಕಂದಕವಾಗಿ ನಿಲ್ಲುತ್ತಿದ್ದವು. ಹಮ್ಮಿಗಿಯ ಆಯುಧದ ಸುದ್ದಿ ಬೇಗ ಹೊರಬಿದ್ದದ್ದರಿಂದ ಕಾಯುವ ಮಾತು ಉಳಿಯಲಿಲ್ಲ. ಇದು ನನ್ನ ಲೆಕ್ಕ. ಆದರೆ ಹೊಳೆಯ ದಂಡೆಯ ಜನ ಹೊಳೆಯನ್ನು ಮರೆತು ಹೂಡಿಕೆ ಹೂಡಿದ್ದರು ಎಂದು ನಾನು ನಂಬಲಾರೆ.

"ಟೀಚರ್, ಸತ್ತವರ ಮನಿ ಹೆಣಮಕ್ಕಳು ಏನಾಗಿರಬೇಕ್ರಿ?" ಎಂದು ಆಕೆ ಕೇಳಿದಳು. ಈ ಸಲ ಕೂತ್ಕೋ ಅನ್ನಲಿಲ್ಲ. ನರಗುಂದದ ಸಂಗತಿ ಹೇಳಿದೆ. ಊರು ಬಿದ್ದ ಮೇಲೆ ಬಾಬಾಸಾಹೇಬರ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ಬಿಟ್ಟರು. ಅರಮನೆಯವರಾದ್ದರಿಂದ ಅವರ ಸಾವು ಬರಹಕ್ಕೆ ಬಂತು. ಉಳಿದವರದು ರೊಟ್ಟಿಯ ಹಾಗೆ, ಹೆಸರಿಲ್ಲದ್ದು. ಜೂನ್ 1ಕ್ಕೆ ಗಂಡ ಸತ್ತರೂ ಜೂನ್ 10ಕ್ಕೆ ಮಳೆ ಬರುತ್ತದೆ, ಹೊಲ ಬಿತ್ತಬೇಕು, ಮಕ್ಕಳಿಗೆ ಉಣಿಸಬೇಕು. ಇಷ್ಟೆಲ್ಲ ಮಾಡಿ, ಸಂಜೆ ಕೂಡಿಸಿಕೊಂಡು ಮೊಮ್ಮಕ್ಕಳಿಗೆ ಆ ಕತೆ ಹೇಳಿದವರೂ ಅವರೇ. ಹಾಗಲ್ಲದಿದ್ದರೆ ಹಮ್ಮಿಗಿಯ ಒಬ್ಬ ಅಜ್ಜಿಯ ಬಾಯಿಗೆ ಅದು ಎಲ್ಲಿಂದ ಬರಬೇಕು?

ತುದಿ ಮುಟ್ಟಿದಾಗ ಗಾಳಿ ಬೀಸುತ್ತಿತ್ತು. ಕೆಳಗೆ ಊರು, ಊರಿನಾಚೆ ಜೋಳದ ಹೊಲ, ಪಡುವಣಕ್ಕೆ ನಮ್ಮ ಮುಂಡರಗಿಯ ದಿಕ್ಕು. ಅಲ್ಲಿ ನಿಂತಾಗ, ಈ ಮನುಷ್ಯರು ನಮ್ಮ ಪಾಠದಿಂದ ಹೇಗೆ ಜಾರಿಹೋದರು ಎಂಬುದೂ ಅರ್ಥವಾಯಿತು. ಭೀಮರಾವ್ ಕೆಲಸ ಮಾಡಿದ ಬಳ್ಳಾರಿ ಮದರಾಸಿಗೆ ಸೇರಿದ್ದು. ಹುಟ್ಟಿದ ಮುಂಡರಗಿ ಮುಂಬಯಿಗೆ ಸೇರಿದ್ದು. ಸತ್ತ ಕೊಪ್ಪಳ ಹೈದರಾಬಾದ್ ನಿಜಾಮನ ಸೀಮೆ, ಸಾಲಾರ್ ಜಂಗನ ಜಹಗೀರು. ಒಂದು ದಿನದ ನಡಿಗೆಯಲ್ಲಿ ಮೂರು ಸರಕಾರ, ಮೂರು ದಫ್ತರ. ಬಳ್ಳಾರಿ 1953ರಲ್ಲಿ, ಉಳಿದ ಎರಡೂ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಮೇಲೆಯೇ ಈ ಮೂರೂ ಊರು ಒಂದು ನಕಾಶೆಯ ಮೇಲೆ ಕೂಡಿದ್ದು. ಅಲ್ಲಿಯವರೆಗೆ ಅವನು ಯಾರ ಜಿಲ್ಲೆಯ ವೀರ ಎಂದು ಹೇಳುವವರಿರಲಿಲ್ಲ. ಮುಂದೆ 1997ರಲ್ಲಿ ಗದಗ ಬೇರೆ, ಕೊಪ್ಪಳ ಬೇರೆ ಜಿಲ್ಲೆಗಳಾದವು. ಹಮ್ಮಿಗಿ ಒಂದು ಜಿಲ್ಲೆಗೆ, ಹಮ್ಮಿಗಿಯವನು ಸತ್ತ ಕೋಟೆ ಇನ್ನೊಂದಕ್ಕೆ.

ಕೊಪ್ಪಳ ಬಿದ್ದ ಐದು ತಿಂಗಳಿಗೆ, 1858ರ ನವೆಂಬರ್ 1ರಂದು, ರಾಣಿಯ ಘೋಷಣೆ ಹೊರಟು ಕಂಪನಿಯ ಆಳ್ವಿಕೆ ಮುಗಿಯಿತು. ದತ್ತಕವನ್ನು ನಿರಾಕರಿಸುವ ನೀತಿಯನ್ನು ಸರಕಾರ ಆಮೇಲೆ ಕೈಬಿಟ್ಟಿತು. ಸತ್ತವರು ಕೇಳಿದ್ದರಲ್ಲಿ ಒಂದಿಷ್ಟನ್ನು ಸರಕಾರ ಅವರನ್ನು ಕೊಂದ ಮೇಲೆ ಒಪ್ಪಿಕೊಂಡಿತು. ಸೋತರು ಎಂದು ಒಂದೇ ಮಾತಿನಲ್ಲಿ ಬರೆಯಿಸುವಾಗ ಇದನ್ನೂ ನಾನು ಬಿಟ್ಟಿದ್ದೆ.

ಇಳಿಯುವ ಮೊದಲು ಹೇಳಿಬಿಟ್ಟೆ. "ನಿನ್ನ ಪೇಪರಿನಾಗ ಮೂರು ಸಾಲು ಹೊಡದಿದ್ದೆ, ನೆನಪೈತೇನವಾ? ನೀ ಬರದಿದ್ದು ಖರೇ ಇತ್ತು. ನಂದs ತಪ್ಪಿತ್ತು."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನೆನಪೈತ್ರಿ" ಎಂದಳು. "ಅವತ್ತು ಮನಿಗೆ ಹೋಗಿ ಅಜ್ಜಿಗೆ ಹೇಳಿದ್ದೆ, ನೀ ಸುಳ್ಳ ಹೇಳತಿ ಅಂತ. ಮುಂದ ಆಕಿ ಆ ಕತಿ ಹೇಳಲೇ ಇಲ್ರಿ."

ನಾನು ಕಳೆದದ್ದು ಒಂದು ಅಂಕ ಎಂದು ಇಷ್ಟು ದಿನ ತಿಳಿದಿದ್ದೆ. ಮುದುಕಿ ತೀರಿ ಬಹಳ ವರ್ಷಗಳಾಗಿದ್ದವು. ಆಕೆಯ ಜೊತೆ ಹೋದ ಮಾತು ಯಾವ ಗ್ಯಾಝೆಟಿಯರಿನಲ್ಲೂ ಸಿಗಲಾರದು. ನಾನು ಏನೂ ಹೇಳಲಾಗದೆ ನಿಂತೆ. ಆಕೆಯೇ, "ಬರ್ರಿ ಟೀಚರ್, ಹೊತ್ತ ಮುಣಗಿದ್ರ ಮೆಟ್ಟಲ ಕಾಣೂದಿಲ್ಲ" ಎಂದು ಮತ್ತೆ ಕೈ ಕೊಟ್ಟಳು.

ನನ್ನ ನಿವೃತ್ತಿಗೆ ಇನ್ನು ಹೆಚ್ಚು ವರ್ಷ ಉಳಿದಿಲ್ಲ. ಈಗ ಆ ಪಾಠ ಬಂದಾಗ ಟಿಪ್ಪಣಿ ಕೊನೆಗೆ ಕೊಡುತ್ತೇನೆ. ಮೊದಲು ಮಕ್ಕಳಿಗೆ ಹೇಳುತ್ತೇನೆ: ಇವತ್ತು ಮನೆಗೆ ಹೋಗಿ ನಿಮ್ಮ ಅಜ್ಜಿಯನ್ನು ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ಬನ್ನಿ. ಬಹಳ ಮಕ್ಕಳು ಏನೂ ಇಲ್ಲದೆ ಬರುತ್ತಾರೆ. ಒಬ್ಬಿಬ್ಬರು ನಾಲ್ಕು ಸಾಲು ತರುತ್ತಾರೆ. ಅದರಲ್ಲಿ ಖರೆ ಎಷ್ಟು, ಕಟ್ಟಿದ್ದು ಎಷ್ಟು ಎಂದು ಕೂಡಿ ನೋಡುತ್ತೇವೆ. ಆ ಹಾಳೆಗಳ ಮೇಲೆ ನಾನು ಕೆಂಪು ಶಾಯಿ ಹಚ್ಚುವುದಿಲ್ಲ.